ಮಾತ್ರೆಯೊಳಗಿನ ಪಂಪು

ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಸಮಸ್ಯೆಗೆ ಕೊಡುವ ‘ಕನ್ಸರ್ಟಾ’ ಮಾತ್ರೆಯ ಒಂದು ತುದಿಯಲ್ಲಿ ಲೇಸರ್‌ನಿಂದ ಕೊರೆದ ಸಣ್ಣ ತೂತಿದೆ. ಬೆಳಿಗ್ಗೆ ನುಂಗಿದ ಮಾತ್ರೆ ಸಂಜೆಯವರೆಗೂ ಔಷಧ ಬಿಡುತ್ತಿರುವುದು ಆ ತೂತಿನಿಂದಲೇ. ಬ್ರ್ಯಾಂಡ್ ಮಾತ್ರೆ ಬಿಟ್ಟು ಜೆನೆರಿಕ್‌ಗೆ ಹೋದಾಗ ಏನು ಬದಲಾಗಬಹುದು ಎಂದು ತಿಳಿಯಲು ಮೊದಲು ನೋಡಬೇಕಾದದ್ದೂ ಅದನ್ನೇ.

ಇದರಲ್ಲಿರುವ ಔಷಧ ಮೀಥೈಲ್‌ಫೆನಿಡೇಟ್. ಮಿದುಳಿನ ನರಕೋಶಗಳು ಹೊರಬಿಟ್ಟ ಡೋಪಮೈನ್ ಮತ್ತು ನಾರ್‌ಎಪಿನೆಫ್ರಿನ್ ಕೂಡಲೇ ಮರಳಿ ಹೀರಿಹೋಗದಂತೆ ಅದು ತಡೆಯುತ್ತದೆ. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನಶಾಸ್ತ್ರಜ್ಞ ಲಿಯಾಂಡ್ರೊ ಪಾನಿಝೋನ್ ಇದನ್ನು ತಯಾರಿಸಿದರು. ಅವರ ಪತ್ನಿಯನ್ನು ಕರೆಯುತ್ತಿದ್ದ ‘ರೀಟಾ’ ಎಂಬ ಹೆಸರಿನಿಂದ ‘ರಿಟಾಲಿನ್’ ಬಂತು. ಸಾದಾ ಮಾತ್ರೆಯ ಪ್ರಭಾವ ಮೂರು–ನಾಲ್ಕು ಗಂಟೆಗೆ ಇಳಿಯುತ್ತದೆ. ಹಾಗಾಗಿ ಮಕ್ಕಳು ಶಾಲೆಯಲ್ಲೇ ಮಧ್ಯಾಹ್ನ ಇನ್ನೊಂದನ್ನು ನುಂಗಬೇಕಿತ್ತು. ದಿನಕ್ಕೊಂದೇ ಸಾಕೆನಿಸುವ ಕನ್ಸರ್ಟಾಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಎಫ್‌ಡಿಎ 2000ದಲ್ಲಿ ಒಪ್ಪಿಗೆ ಕೊಟ್ಟಿತು.

36 ಮಿ.ಗ್ರಾಂ.ನ ಬಿಳಿ ಮಾತ್ರೆಯನ್ನೇ ನೋಡೋಣ. ಸುಮಾರು 8 ಮಿ.ಗ್ರಾಂ. ಔಷಧ ಹೊರಲೇಪದಲ್ಲಿದ್ದು, ಮೊದಲ ಒಂದು ಗಂಟೆಯೊಳಗೆ ಕರಗುತ್ತದೆ. ಉಳಿದ 28 ಮಿ.ಗ್ರಾಂ. ಗಟ್ಟಿ ಕವಚದೊಳಗೆ ಎರಡು ಪದರಗಳಲ್ಲಿದೆ. ತೂತಿನ ಹತ್ತಿರದ ಪದರಕ್ಕಿಂತ ಹಿಂದಿನದರಲ್ಲಿ ಔಷಧ ಸಾಂದ್ರ. ಅದರ ಹಿಂದೆ ನೀರು ಕುಡಿದು ಉಬ್ಬುವ ಪಾಲಿಮರ್ ಪದರ. ಕರುಳಿನ ನೀರು ಕವಚದ ಮೂಲಕ ಒಳಗಿಳಿದಂತೆ ಆ ಪದರ ಉಬ್ಬಿ, ಔಷಧವನ್ನು ತೂತಿನಿಂದ ಹೊರಕ್ಕೆ ತಳ್ಳುತ್ತದೆ. ಹೀಗಾಗಿ ರಕ್ತದಲ್ಲಿನ ಪ್ರಮಾಣ ದಿನವೇರಿದಂತೆ ಏರುತ್ತ, ಆರರಿಂದ ಹತ್ತು ಗಂಟೆಗಳ ನಡುವೆ ಗರಿಷ್ಠಕ್ಕೆ ಮುಟ್ಟುತ್ತದೆ. ಒಳಗಿನದೆಲ್ಲ ಖಾಲಿಯಾದ ಕವಚ ಮಾತ್ರೆಯ ಆಕಾರದಲ್ಲೇ ಮಲದೊಂದಿಗೆ ಹೊರಬರುತ್ತದೆ. ಔಷಧ ಕರಗದೆ ಹೋಯಿತೇ ಎಂದು ಗಾಬರಿಯಾಗಬೇಕಿಲ್ಲ. ಮಾತ್ರೆಯನ್ನು ಅಗಿದರೆ, ಪುಡಿ ಮಾಡಿದರೆ ಮಾತ್ರ ಈ ಪಂಪೇ ಒಡೆದುಹೋಗುತ್ತದೆ.

ಜನೌಷಧಿ ಮಳಿಗೆಗಳಿಂದಾಗಿ ‘ಜೆನೆರಿಕ್’ ಎಂಬ ಪದ ಕನ್ನಡಿಗರಿಗೆ ಹೊಸತಲ್ಲ. ಅದೇ ಔಷಧ, ಅದೇ ಪ್ರಮಾಣ, ಕಡಿಮೆ ಬೆಲೆ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಗಲು ರಕ್ತಪರೀಕ್ಷೆಯ ಎರಡು ಅಂಕಿಗಳು ಮುಖ್ಯ: ರಕ್ತದಲ್ಲಿ ಔಷಧ ಮುಟ್ಟುವ ಗರಿಷ್ಠ ಮಟ್ಟ ಮತ್ತು ದೇಹ ಹೀರಿಕೊಂಡ ಒಟ್ಟು ಪ್ರಮಾಣ. ಬ್ರ್ಯಾಂಡ್‌ಗೆ ಹೋಲಿಸಿದ ಸರಾಸರಿ ಅನುಪಾತವೂ, ಅದರ ಸಂಖ್ಯಾಶಾಸ್ತ್ರೀಯ ಅಂಚುಗಳೂ ಶೇ 80ರಿಂದ 125ರೊಳಗೆ ಬೀಳಬೇಕು. ಮಾತ್ರೆಯಲ್ಲಿ ಔಷಧವನ್ನೇ ಶೇ 20ರಷ್ಟು ಕಡಿಮೆ ಹಾಕಬಹುದೆಂದು ಇದರರ್ಥವಲ್ಲ. ಬೇಗ ಕರಗುವ ಮಾತ್ರೆಗೆ ಈ ಅಳತೆ ಸಾಕು. ನಿಧಾನವಾಗಿ ಬಿಡುವ ಮಾತ್ರೆಯಲ್ಲಿ ಮಾತ್ರ ಒಟ್ಟು ಪ್ರಮಾಣ ಸರಿಯಿದ್ದೂ ಯಾವ ಗಂಟೆಗೆ ಎಷ್ಟು ಎಂಬ ಲೆಕ್ಕ ತಪ್ಪಬಹುದು.

ಕನ್ಸರ್ಟಾ ವಿಷಯದಲ್ಲಿ ಆದದ್ದು ಇದೇ. 2011ರಲ್ಲಿ ಮಾರುಕಟ್ಟೆಗೆ ಬಂದದ್ದು ‘ಅಧಿಕೃತ ಜೆನೆರಿಕ್’: ಮೂಲ ತಯಾರಕರದೇ ಮಾತ್ರೆ, ಮಾರುವ ಕಂಪನಿ ಮತ್ತು ಡಬ್ಬಿ ಬೇರೆ. ಬಳಿಕ 2012ರ ಡಿಸೆಂಬರ್‌ನಲ್ಲಿ ಮ್ಯಾಲಿನ್‌ಕ್ರಾಟ್, 2013ರಲ್ಲಿ ಕುಡ್ಕೊ ಕಂಪನಿಯ ಜೆನೆರಿಕ್‌ಗಳಿಗೆ ಒಪ್ಪಿಗೆ ಸಿಕ್ಕಿತು. ಇವುಗಳಲ್ಲಿ ಆ ಪಂಪಿನ ಏರ್ಪಾಡು ಇರಲಿಲ್ಲ. ಔಷಧ ಸಾಕಷ್ಟು ಕೆಲಸ ಮಾಡುತ್ತಿಲ್ಲವೆಂಬ ದೂರುಗಳು ಬಂದಾಗ ಎಫ್‌ಡಿಎ ಅಂಕಿಅಂಶಗಳನ್ನು ಮತ್ತೆ ಪರಿಶೀಲಿಸಿತು. ಕೆಲವರಲ್ಲಿ ಏಳರಿಂದ ಹನ್ನೆರಡನೆಯ ಗಂಟೆಯ ನಡುವೆ ಔಷಧ ನಿಧಾನವಾಗಿ ಬಿಡುಗಡೆಯಾಗುತ್ತಿರಬಹುದು ಎಂದು ಕಂಡುಬಂತು. ಬೆಳಿಗ್ಗೆ ಏಳಕ್ಕೆ ನುಂಗಿದವರಿಗೆ ಅದು ಮಧ್ಯಾಹ್ನ ಎರಡರಿಂದ ಸಂಜೆ ಏಳರ ಹೊತ್ತು. ಹೋಂವರ್ಕ್ ಮಾಡುವ, ಕಚೇರಿಯಿಂದ ಕಾರು ಓಡಿಸಿಕೊಂಡು ಮನೆಗೆ ಬರುವ ಸಮಯ.

2014ರ ನವೆಂಬರ್‌ನಲ್ಲಿ ಎಫ್‌ಡಿಎ ಎರಡರ ದರ್ಜೆಯನ್ನೂ ‘ಎಬಿ’ಯಿಂದ ‘ಬಿಎಕ್ಸ್’ಗೆ ಇಳಿಸಿತು. ಮಾತ್ರೆಗಳ ಮಾರಾಟಕ್ಕೆ ಅಡ್ಡಿಯಿರಲಿಲ್ಲ. ಆದರೆ ಬ್ರ್ಯಾಂಡ್ ಬದಲು ಕೊಡಬಹುದಾದ ಸಮಾನ ಔಷಧವೆಂಬ ಮಾನ್ಯತೆ ಹೋಯಿತು. ಗಂಭೀರ ಸುರಕ್ಷತಾ ತೊಂದರೆ ಕಂಡಿಲ್ಲವೆಂದೂ ಸಂಸ್ಥೆ ಹೇಳಿತು. ಆರು ತಿಂಗಳೊಳಗೆ ಸಮಾನತೆಯನ್ನು ದೃಢಪಡಿಸಬೇಕು, ಇಲ್ಲವೇ ಮಾರುಕಟ್ಟೆಯಿಂದ ಹಿಂತೆಗೆಯಬೇಕು ಎಂದು ಕಂಪನಿಗಳಿಗೆ ಸೂಚಿಸಿತು. 2016ರ ಅಕ್ಟೋಬರ್‌ನಲ್ಲಿ ಒಪ್ಪಿಗೆಯನ್ನೇ ವಾಪಸು ಪಡೆಯುವ ಪ್ರಸ್ತಾವ ಮುಂದಿಟ್ಟಿತು. ಈ ನಡುವೆ ಪರೀಕ್ಷೆಯ ಮಾರ್ಗಸೂಚಿಯೂ ಪರಿಷ್ಕೃತವಾಗಿ, ದಿನದ ಬೇರೆ ಬೇರೆ ಹೊತ್ತಿನ ಪ್ರಮಾಣವನ್ನು ಪ್ರತ್ಯೇಕವಾಗಿ ಹೋಲಿಸಬೇಕೆಂದಾಯಿತು.

ಇದರಿಂದ ಜೆನೆರಿಕ್‌ಗಳೆಲ್ಲ ಕಳಪೆ ಎಂಬ ತೀರ್ಮಾನಕ್ಕೆ ಬರಬೇಕಿಲ್ಲ. ಬದಲಾದ ಮೇಲೂ ವ್ಯತ್ಯಾಸ ಗೊತ್ತಾಗದವರಿದ್ದಾರೆ. ಹೊಸ ಮಾತ್ರೆಯ ಮೇಲಿನ ಅನುಮಾನ, ನಿದ್ದೆಗೆಟ್ಟ ರಾತ್ರಿ, ಪರೀಕ್ಷೆಯ ಒತ್ತಡ ಇವೂ ಔಷಧದ ದೋಷದಂತೆ ತೋರಬಹುದು. ಅದಕ್ಕೇ ವೈದ್ಯರಿಗೆ ‘ಸರಿಹೋಗುತ್ತಿಲ್ಲ’ ಎನ್ನುವುದಕ್ಕಿಂತ ಗಂಟೆಗಳ ಟಿಪ್ಪಣಿ ಹೆಚ್ಚು ಉಪಯುಕ್ತ: ನುಂಗಿದ್ದು ಎಷ್ಟಕ್ಕೆ, ಗಮನ ಕುದುರಿದ್ದು ಎಷ್ಟಕ್ಕೆ, ಕಿರಿಕಿರಿ ಶುರುವಾದದ್ದು ಯಾವಾಗ, ಊಟ ಸೇರಿತೇ, ನಿದ್ದೆ ಬಂತೇ. ಅದರ ಜೊತೆಗೆ ಡಬ್ಬಿಯ ಮೇಲಿನ ತಯಾರಕರ ಹೆಸರು ಮತ್ತು ಮಾತ್ರೆಯ ಮೇಲಿನ ಅಚ್ಚನ್ನು ಬರೆದಿಡಬೇಕು. ಅಂಗಡಿಯಲ್ಲಿ ಒಂದು ತಿಂಗಳು ಸಿಕ್ಕ ಜೆನೆರಿಕ್ಕೇ ಮುಂದಿನ ತಿಂಗಳೂ ಸಿಗುತ್ತದೆ ಎಂದೇನಿಲ್ಲ. ಬೆಳಗಿನ ಹೊತ್ತೆಲ್ಲ ಚೆನ್ನಾಗಿದ್ದು ಮೂರು ಗಂಟೆಯ ಮೇಲೆ ಮಾತ್ರ ಎಡವಟ್ಟಾಗುತ್ತಿದ್ದರೆ, ಡೋಸ್ ಏರಿಸುವ ಮೊದಲು ವೈದ್ಯರು ಮಾತ್ರೆಯ ಮಾದರಿಯತ್ತ ನೋಡಲು ಆ ಟಿಪ್ಪಣಿ ಸಾಕು.