ಕಾಲಿಗೂ ಒಬ್ಬ ಡಾಕ್ಟರು ಬೇಕೇ?



ಕಣ್ಣಿಗೆ ಕಣ್ಣಿನ ಡಾಕ್ಟರು ಇದ್ದಾರೆ, ಹಲ್ಲಿಗೆ ಹಲ್ಲಿನ ಡಾಕ್ಟರು ಇದ್ದಾರೆ. ಪಾದಕ್ಕೆ ಯಾರಿದ್ದಾರೆ? ಮೂಳೆ ಮುರಿದರೆ ಮೂಳೆ ಡಾಕ್ಟರ ಹತ್ತಿರ ಓಡುತ್ತೇವೆ. ಆದರೆ ಆಣಿ ಎದ್ದರೆ, ಹಿಮ್ಮಡಿ ಒಡೆದು ರಕ್ತ ಬಂದರೆ, ಪಾದ ಜೋಮು ಹಿಡಿದು ಮುಳ್ಳು ಚುಚ್ಚಿದ್ದೂ ಗೊತ್ತಾಗದಿದ್ದರೆ ಯಾರ ಹತ್ತಿರ ಹೋಗಬೇಕು? ಆಣಿಯನ್ನು ಬ್ಲೇಡಿನಿಂದ ನಾವೇ ಕೆತ್ತಿಕೊಳ್ಳುತ್ತೇವೆ. ಗಾಯಕ್ಕೆ ಅರಿಶಿನ ಮೆತ್ತಿ ಹೊಲಕ್ಕೆ ಹೋಗುತ್ತೇವೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇಷ್ಟೇ ಸಾಕು, ಕಾಲು ಕಳೆದುಕೊಳ್ಳುವ ದಾರಿ ಶುರುವಾಗುತ್ತದೆ.

ಪಾದದ ಆರೈಕೆಯನ್ನೇ ಕಲಿತು ಬಂದವರನ್ನು ‘ಪೋಡಿಯಾಟ್ರಿಸ್ಟ್’ ಎನ್ನುತ್ತಾರೆ. ಇವರ ಬಗ್ಗೆ ಡಾಕ್ಟರುಗಳ ಅಭಿಪ್ರಾಯವೇನು, ನಮಗೆ ಇವರಿಂದ ಏನು ಉಪಯೋಗ ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಇವರು ಯಾರು?

ಒಂದೊಂದು ದೇಶದಲ್ಲಿ ಒಂದೊಂದು ರೀತಿ. ಅಮೆರಿಕದಲ್ಲಿ ಇವರು ಪದವಿಯ ನಂತರ 4 ವರ್ಷ ಪಾದದ ವೈದ್ಯಕೀಯವನ್ನೇ ಓದಿ, ಆಮೇಲೆ ಆಸ್ಪತ್ರೆಯಲ್ಲಿ ತರಬೇತಿ ಪಡೆದು, ಪಾದದ ಆಪರೇಷನ್ ಕೂಡ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ ಇವರು ನಮ್ಮ ಎಂ.ಬಿ.ಬಿ.ಎಸ್. ಡಾಕ್ಟರಂಥವರಲ್ಲ, ಫಿಸಿಯೋಥೆರಪಿಯವರಂತೆ ಬೇರೆ ಪದವಿ ಓದಿ ನೋಂದಣಿ ಮಾಡಿಸಿಕೊಂಡವರು. ನಮ್ಮ ದೇಶದಲ್ಲಿ ಪಾದದ್ದೇ ಪದವಿ ಓದಿದವರು ತೀರಾ ಕಡಿಮೆ. ಇಲ್ಲಿ ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಮೊದಲೇ ಡಾಕ್ಟರಾಗಿದ್ದು, ನಂತರ ಪಾದದ ಬಗ್ಗೆ ವಿಶೇಷ ತರಬೇತಿ ಪಡೆದವರು. ಬೆಂಗಳೂರಿನಲ್ಲಿರುವ ರಾಜ್ಯ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಸಂಸ್ಥೆಯಲ್ಲಿ ಪೋಡಿಯಾಟ್ರಿಗೆ ಪ್ರತ್ಯೇಕ ವಿಭಾಗವೇ ಇದೆ.

ಡಾಕ್ಟರುಗಳು ಏನನ್ನುತ್ತಾರೆ?

ಎಲ್ಲರೂ ಒಂದೇ ಮಾತು ಹೇಳುವುದಿಲ್ಲ. ಕೆಲವರಿಗೆ ಇದು ‘ಉಗುರು ಕತ್ತರಿಸುವ, ಆಣಿ ಕೆರೆಯುವ ಕೆಲಸ’. ಇದಕ್ಕೆ ಬೇರೆ ಡಾಕ್ಟರು ಯಾಕೆ, ನರ್ಸಮ್ಮನವರು ಮಾಡಿದರೆ ಸಾಲದೇ ಎಂದು ಕೇಳುತ್ತಾರೆ. ಇನ್ನು ಕೆಲವು ಮೂಳೆ ತಜ್ಞರಿಗೂ ಸರ್ಜನ್ನರಿಗೂ, ಪಾದದ ಆಪರೇಷನ್ ಯಾರು ಮಾಡಬೇಕು, ಎಲ್ಲಿಯವರೆಗೆ ಮಾಡಬೇಕು ಎಂಬ ತಕರಾರು ಇದೆ. ಅಮೆರಿಕದಲ್ಲಿ ಈ ವಾದ ಬಹಳ ವರ್ಷಗಳಿಂದ ನಡೆದು ಬಂದಿದೆ. ತರಬೇತಿ ಸಾಲದವರು ಕತ್ತಿ ಹಿಡಿದರೆ ರೋಗಿಗೇ ಅಪಾಯ. ಆದ್ದರಿಂದ ಈ ಪ್ರಶ್ನೆ ಬರೀ ಹೊಟ್ಟೆಕಿಚ್ಚಿನದು ಅನ್ನುವಂತಿಲ್ಲ.

ಆದರೆ ಸಕ್ಕರೆ ಕಾಯಿಲೆಯವರ ಕಾಲನ್ನು ದಿನಾ ನೋಡುವ ಡಾಕ್ಟರುಗಳು ಬೇರೆ ಮಾತು ಹೇಳುತ್ತಾರೆ. ಶುಗರ್ ಡಾಕ್ಟರು ರಕ್ತದ ರಿಪೋರ್ಟ್ ನೋಡುತ್ತಾರೆ, ರೋಗಿಗಳ ಸಾಲು ಉದ್ದ ಇರುವುದರಿಂದ ಚಪ್ಪಲಿ ಬಿಚ್ಚಿಸಿ ಪಾದ ನೋಡಲು ಪುರುಸೊತ್ತಿರುವುದಿಲ್ಲ. ಸರ್ಜನ್ ಹತ್ತಿರ ಹೋಗುವ ಹೊತ್ತಿಗೆ ಬೆರಳು ಕಪ್ಪಾಗಿರುತ್ತದೆ. ಈ ಇಬ್ಬರ ನಡುವೆ ಪಾದ ಯಾರ ಪಾಲಿಗೂ ಬರದೆ ಉಳಿಯುತ್ತದೆ. ಆ ಜಾಗದಲ್ಲಿ ನಿಲ್ಲುವವರೇ ಪೋಡಿಯಾಟ್ರಿಸ್ಟ್. ಸಕ್ಕರೆ ಕಾಯಿಲೆಯಿಂದ ಕಾಲು ತೆಗೆಸಿಕೊಂಡ 100 ಜನರಲ್ಲಿ ಸುಮಾರು 85 ಜನರಿಗೆ ಮೊದಲು ಬಂದದ್ದು ಪಾದದ ಒಂದು ಹುಣ್ಣು. ಹುಣ್ಣಾಗದಂತೆ ನೋಡಿಕೊಂಡರೆ ಕಾಲು ಉಳಿಯುತ್ತದೆ.

ಒಟ್ಟಿಗೆ ಕೂತಾಗ ಏನಾಯಿತು?

ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ 1981ರಲ್ಲಿ ಡಾ. ಮೈಕೆಲ್ ಎಡ್ಮಂಡ್ಸ್ ಮತ್ತು ಜೊತೆಗಾರರು ಪಾದದ ಕ್ಲಿನಿಕ್ ಆರಂಭಿಸಿದರು. ಶುಗರ್ ಡಾಕ್ಟರು, ಸರ್ಜನ್, ನರ್ಸ್, ಪಾದದ ಆರೈಕೆಯವರು, ಪಾದರಕ್ಷೆ ಮಾಡುವವರು ಎಲ್ಲರೂ ಒಂದೇ ಕಡೆ ಸೇರಿ ರೋಗಿಯನ್ನು ನೋಡಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ ದೊಡ್ಡ ಮಟ್ಟದಲ್ಲಿ ಕಾಲು ತೆಗೆಯುವುದು ಸುಮಾರು ಅರ್ಧಕ್ಕೆ ಇಳಿಯಿತು. ಆಮೇಲೆ ಅನೇಕ ಡಾಕ್ಟರುಗಳ ಮನಸ್ಸು ಬದಲಾಯಿತು.

ನಮ್ಮ ಪಕ್ಕದ ತಮಿಳುನಾಡಿನಲ್ಲಿ ಇದಕ್ಕೂ ಮೊದಲೇ ಒಂದು ಪಾಠ ಸಿಕ್ಕಿತ್ತು. 1946ರಲ್ಲಿ ವೆಲ್ಲೂರಿಗೆ ಬಂದ ಸರ್ಜನ್ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಪಾದ ಹಾಳಾಗುವುದಕ್ಕೆ ಕಾರಣ ಹುಡುಕಿದರು. ಮಾಂಸ ತಾನಾಗಿ ಕೊಳೆಯುವುದಿಲ್ಲ. ನೋವು ಗೊತ್ತಾಗದ ಕಾರಣ ರೋಗಿ ಗಾಯದ ಮೇಲೇ ನಡೆದು ನಡೆದು ಪಾದ ಸವೆಯುತ್ತದೆ ಎಂದು ಕಂಡುಕೊಂಡರು. ಆಪರೇಷನ್ ಒಂದೇ ಸಾಲದು ಎಂದು ತಿಳಿದು, ಮೆತ್ತನೆ ರಬ್ಬರಿನ ಚಪ್ಪಲಿಗಾಗಿ ಚಪ್ಪಲಿ ಮಾಡುವವರ ಜೊತೆ ಕೆಲಸ ಮಾಡಿದರು. ಮುಂದೆ ಅಮೆರಿಕಕ್ಕೆ ಹೋದಾಗ ಇದೇ ಪಾಠವನ್ನು ಸಕ್ಕರೆ ಕಾಯಿಲೆಯ ಪಾದಕ್ಕೂ ಅನ್ವಯಿಸಿದರು.

ನಮ್ಮ ಊರಿನಲ್ಲಿ ಏನು ಮಾಡೋಣ?

ಕೊಳಗಲ್ಲಿನಿಂದ ಬೆಂಗಳೂರು ಸುಮಾರು 300 ಕಿಲೋಮೀಟರ್. ಆಣಿಗೆ, ಒಡೆದ ಹಿಮ್ಮಡಿಗೆ ಅಷ್ಟು ದೂರ ಯಾರೂ ಹೋಗುವುದಿಲ್ಲ. ಆದರೆ ಅಪಾಯ ನಮ್ಮಲ್ಲೇ ಇದೆ: ಸಿರುಗುಪ್ಪ ಕಡೆ ಭತ್ತದ ಗದ್ದೆಯಲ್ಲಿ ದಿನವಿಡೀ ನೆನೆಯುವ ಕಾಲು, ಬಳ್ಳಾರಿ ಬಿಸಿಲಿನಲ್ಲಿ ಕಾದ ನೆಲ, ಜಾತ್ರೆಗೆ ಬರಿಗಾಲ ಹರಕೆ. ಜೋಮು ಹಿಡಿದ ಪಾದಕ್ಕೆ ಬೊಬ್ಬೆ ಎದ್ದದ್ದೂ ಗೊತ್ತಾಗುವುದಿಲ್ಲ. ಒಬ್ಬ ಹೆಣ್ಣುಮಗಳ ಕಾಲು ಹೋದರೆ ಕೂಲಿ ಹೋಯಿತು, ಆಸ್ಪತ್ರೆಗೆಂದು ಪಡೆದ ಸಂಘದ ಸಾಲ ಉಳಿಯಿತು, ಆಕೆಯನ್ನು ನೋಡಿಕೊಳ್ಳಲು ಮಗಳು ಶಾಲೆ ಬಿಟ್ಟಳು.

ಆದ್ದರಿಂದ ಸಕ್ಕರೆ ಕಾಯಿಲೆ ಇರುವವರು ಇಷ್ಟನ್ನು ತಪ್ಪದೆ ಪಾಲಿಸಿರಿ:

1. ದಿನಾ ರಾತ್ರಿ ಅಂಗಾಲು, ಬೆರಳ ಸಂದಿ ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ಕೆಳಗೆ ಕನ್ನಡಿ ಇಟ್ಟು ನೋಡಿ, ಇಲ್ಲವೇ ಸೊಸೆಗೋ ಮಗಳಿಗೋ ತೋರಿಸಿ.

2. ಕಾಲು ತೊಳೆದ ಮೇಲೆ ಬೆರಳ ಸಂದಿಯನ್ನು ಚೆನ್ನಾಗಿ ಒರೆಸಿ. ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಬೆರಳ ಸಂದಿಗೆ ಹಚ್ಚಬೇಡಿ.

3. ಮನೆಯೊಳಗೂ ಬರಿಗಾಲಲ್ಲಿ ನಡೆಯಬೇಡಿ. ಚಪ್ಪಲಿ ಮೆಟ್ಟುವ ಮುಂಚೆ ಒಳಗೆ ಕಲ್ಲು, ಮುಳ್ಳು ಇದೆಯೇ ಎಂದು ಕೈಯಾಡಿಸಿ ನೋಡಿ.

4. ಆಣಿಗೆ ಬ್ಲೇಡು ಬೇಡ, ಅಂಗಡಿಯ ಆಣಿ ಪಟ್ಟಿಯೂ ಬೇಡ. ಉಗುರನ್ನು ನೇರವಾಗಿ ಕತ್ತರಿಸಿ.

5. ಪಾದಕ್ಕೆ ಬಿಸಿನೀರಿನ ಶಾಖ, ಕೆಂಡದ ಕಾವು ಕೊಡಬೇಡಿ.

6. ವರ್ಷಕ್ಕೊಮ್ಮೆಯಾದರೂ ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಚಪ್ಪಲಿ ಬಿಚ್ಚಿ, “ಸಾರ್, ನನ್ನ ಪಾದ ನೋಡಿ” ಎಂದು ಕೇಳಿ. ಜೋಮು ಇದ್ದವರು ಇನ್ನೂ ಬೇಗ ಬೇಗ ತೋರಿಸಿ. ತೆಳುವಾದ ನೈಲಾನ್ ಎಳೆ ಮುಟ್ಟಿಸಿ ಸ್ಪರ್ಶ ಇದೆಯೇ ಎಂದು ನೋಡುತ್ತಾರೆ, ಪಾದದ ಮೇಲೆ ನಾಡಿ ಹಿಡಿದು ರಕ್ತ ಹರಿಯುತ್ತಿದೆಯೇ ಎಂದು ನೋಡುತ್ತಾರೆ. ಇದಕ್ಕೆ ಸ್ಕ್ಯಾನಿಂಗ್ ಬೇಕಿಲ್ಲ.

ಪಾದದಲ್ಲಿ ಹುಣ್ಣು, ಕೀವು, ಕೆಟ್ಟ ವಾಸನೆ, ಕಪ್ಪು ಬಣ್ಣ, ಊತ, ಅದರ ಜೊತೆ ಜ್ವರ ಕಂಡರೆ ನಾಳೆ ನೋಡೋಣ ಎನ್ನಬೇಡಿ. ಅದೇ ದಿನ ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಹೋಗಿ ಸರ್ಜನ್‌ಗೆ ತೋರಿಸಿ. ಆಗ ಬೇಕಾದದ್ದು ಸರ್ಜನ್ನೇ.

ಪೋಡಿಯಾಟ್ರಿಸ್ಟ್ ದೊಡ್ಡವರೋ ಸರ್ಜನ್ ದೊಡ್ಡವರೋ ಎಂಬುದು ನಮ್ಮ ಪ್ರಶ್ನೆಯಲ್ಲ. ಜಿಲ್ಲಾ ಮಟ್ಟದಲ್ಲಿ ಪಾದ ನೋಡಲೆಂದೇ ತರಬೇತಿ ಪಡೆದ ಒಬ್ಬರು ಬೇಕು ಎಂದು ಗ್ರಾಮಸಭೆಯಲ್ಲಿ, ಆಸ್ಪತ್ರೆಯ ಸಮಿತಿಯಲ್ಲಿ ಕೇಳುವ ಹಕ್ಕು ನಮಗಿದೆ. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಪುಸ್ತಕ ಬರೆದಾದ ಮೇಲೆ, ನಮ್ಮ ಸಂಘದಲ್ಲಿ ಎಷ್ಟು ಜನರಿಗೆ ಸಕ್ಕರೆ ಕಾಯಿಲೆ ಇದೆ, ಅವರಲ್ಲಿ ಎಷ್ಟು ಜನರ ಪಾದವನ್ನು ಡಾಕ್ಟರು ನೋಡಿದ್ದಾರೆ ಎಂದು ಬರೆದಿಡಿ. ಆ ಲೆಕ್ಕ ಕೈಯಲ್ಲಿದ್ದರೆ ಕೇಳುವ ನಮ್ಮ ಮಾತಿಗೂ ತೂಕ ಬರುತ್ತದೆ.