ಕುದುರೆಯ ಹೆಸರಿನಲ್ಲಿದ್ದ ಬೀಗದ ಕೈ

ವಿಡಿಯೊ ಗೇಮ್ ಒಂದರಲ್ಲಿ ಕುದುರೆಯೊಂದಿದೆ. ಅದಕ್ಕೆ ಆಟಗಾರ ತನಗಿಷ್ಟವಾದ ಹೆಸರಿಡಬಹುದು. ಆ ಹೆಸರು ಮಿತಿಮೀರಿ ಉದ್ದವಾದರೆ ಏನಾದೀತು? ಜಪಾನಿನ ನಿಂಟೆಂಡೊ ಕಂಪೆನಿಯ ‘ವೀ’ ಯಂತ್ರದ ಬೀಗವೇ ತೆರೆದುಕೊಂಡಿತು!

2006ರಲ್ಲಿ ಮಾರುಕಟ್ಟೆಗೆ ಬಂದ ‘ವೀ’ 10 ಕೋಟಿಗೂ ಹೆಚ್ಚು ಮಾರಾಟವಾಯಿತು. ಅದರ ಒಳಗಿರುವುದು ಕಂಪ್ಯೂಟರೇ. ಆದರೆ ಮನೆಯ ಕಂಪ್ಯೂಟರಿನಂತೆ ಬೇಕಾದ ತಂತ್ರಾಂಶವನ್ನು ಅದರಲ್ಲಿ ನಡೆಸುವಂತಿಲ್ಲ. ಕಂಪೆನಿಯ ಡಿಜಿಟಲ್ ಸಹಿ ಇದ್ದರಷ್ಟೇ ಒಳಗೆ ಪ್ರವೇಶ. ಈ ಅಪ್ಪಣೆಯಿಲ್ಲದೆ ಹವ್ಯಾಸಿಗಳು ಬರೆದು ಹಂಚುವ ತಂತ್ರಾಂಶಕ್ಕೆ ‘ಹೋಮ್‌ಬ್ರೂ’ ಎನ್ನುತ್ತಾರೆ. ಮನೆಯಲ್ಲೇ ತಯಾರಿಸಿದ ಬಿಯರ್‌ಗಿದ್ದ ಹೆಸರು ಇದು.

2008ರಲ್ಲಿ ಹವ್ಯಾಸಿಗಳು ‘ಜೆಲ್ಡಾ: ಟ್ವಿಲೈಟ್ ಪ್ರಿನ್ಸೆಸ್’ ಆಟದ ದೋಷವೊಂದನ್ನು ಬಳಸಿಕೊಂಡರು. ಕುದುರೆಯ ಹೆಸರಿನ ಉದ್ದವನ್ನು ಅಳೆಯದೆಯೇ ಆಟ ಅದನ್ನು ಮೆಮೊರಿಗೆ ತುಂಬುತ್ತಿತ್ತು. ಉಳಿಸಿಟ್ಟ ಆಟದ ಕಡತದಲ್ಲಿ ಅತಿ ಉದ್ದದ ಹೆಸರು ತುರುಕಿದಾಗ, ಅದು ನಿಗದಿತ ಜಾಗ ಮೀರಿ ಪಕ್ಕಕ್ಕೆ ಹರಿಯಿತು. ಹಾಗೆ ಹರಿದದ್ದರಲ್ಲಿ ಹವ್ಯಾಸಿಗಳ ಆಜ್ಞೆಗಳಿದ್ದವು. ಯಂತ್ರ ಅವನ್ನು ಪಾಲಿಸಿತು.

ಇದರಿಂದ ಸಾಮಾನ್ಯ ಬಳಕೆದಾರನಿಗೇನು? ಡಿಸ್ಕ್ ಡ್ರೈವ್ ಇದ್ದರೂ ‘ವೀ’ಯಲ್ಲಿ ಸಿನಿಮಾ ಡಿವಿಡಿ ನೋಡುವಂತಿರಲಿಲ್ಲ. ಹೋಮ್‌ಬ್ರೂ ಹಲವು ಯಂತ್ರಗಳಲ್ಲಿ ಅದನ್ನು ಸಾಧ್ಯವಾಗಿಸಿತು. 2014ರ ಮೇ ತಿಂಗಳಲ್ಲಿ ನಿಂಟೆಂಡೊ ಇಂಟರ್‌ನೆಟ್ ಮೂಲಕ ಆಡುವ ಸೇವೆಯನ್ನು ನಿಲ್ಲಿಸಿದಾಗ, ‘ಮಾರಿಯೊ ಕಾರ್ಟ್’ ಅಭಿಮಾನಿಗಳು ‘ವೀಮ್‌ಫಿ’ ಎಂಬ ಬದಲಿ ಸೇವೆಯನ್ನು ತಾವೇ ಕಟ್ಟಿಕೊಂಡರು. 2019ರ ಜನವರಿಯಲ್ಲಿ ‘ವೀ’ಯ ಆನ್‌ಲೈನ್ ಮಳಿಗೆಯೂ ಮುಚ್ಚಿತು. ಅಂಗಡಿಯವನು ಕದ ಹಾಕಿಕೊಂಡು ಹೋದ ಮೇಲೂ ಹಳೆಯ ಯಂತ್ರಕ್ಕೆ ಹೊಸ ಕೆಲಸ ಸಿಗುತ್ತಿರುವುದು ಹವ್ಯಾಸಿಗಳ ದುಡಿಮೆಯಿಂದಲೇ.

ಹಾಗೆಂದು ಇದು ಅಪಾಯವಿಲ್ಲದ ಆಟವೇನಲ್ಲ. ಒಂದು ಹಂತ ತಪ್ಪಿದರೂ ಯಂತ್ರ ಇಟ್ಟಿಗೆಯಷ್ಟೇ ಉಪಯೋಗಕ್ಕೆ ಬಂದೀತು. ವಾರಂಟಿಯೂ ಕೈತಪ್ಪಬಹುದು. ಅಲ್ಲದೆ, ಹವ್ಯಾಸಿ ನುಗ್ಗಿದ ಕಿಂಡಿಯಲ್ಲೇ ಕದ್ದ ಆಟಗಳೂ ನುಸುಳುತ್ತವೆ. ಕಂಪೆನಿಗಳ ಸಿಟ್ಟಿಗೆ ಇದೇ ಕಾರಣ. ಅಮೆರಿಕದಲ್ಲಿ ಮೊಬೈಲ್ ಫೋನಿನ ಇಂಥ ಬೀಗ ತೆಗೆಯಲು 2010ರಲ್ಲಿ ವಿನಾಯಿತಿ ಸಿಕ್ಕಿತು. ಗೇಮ್ ಯಂತ್ರಗಳಿಗೂ ಅದು ಬೇಕೆಂಬ ಕೋರಿಕೆಯನ್ನು 2012ರಲ್ಲಿ ಅಲ್ಲಿನ ಅಧಿಕಾರಿಗಳು ಒಪ್ಪಲಿಲ್ಲ. ನಕಲಿ ಆಟಗಳ ಹಾವಳಿಯ ಭಯವೇ ಅಡ್ಡ ಬಂತು.

ಹಣ ಕೊಟ್ಟು ಮನೆಗೆ ತಂದ ಯಂತ್ರಕ್ಕೆ ಯಜಮಾನ ಯಾರು? ಹೋಮ್‌ಬ್ರೂ ಎತ್ತಿರುವ ಪ್ರಶ್ನೆ ಇದು. ಇಂದು ಟಿವಿ, ಕಾರು, ಕೈಗಡಿಯಾರಗಳಲ್ಲೂ ಕಂಪ್ಯೂಟರ್ ಸೇರಿಕೊಂಡಿದೆ. ಆಟವಾಡದವರೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರರು.