ಯಂಗೂ ನಾಲ್ಕು ಬೀಜ ಕೊಡೇ

ಮಲೆನಾಡಿನ ಹಳೆಯ ಮನೆಗಳಲ್ಲಿ ಬೀಜಕ್ಕೆಂದು ಬೇರೆ ಕೋಣೆ ಇರಲಿಲ್ಲ. ಸೌತೆಬೀಜವನ್ನು ತೊಳೆದು, ಬೂದಿಯಲ್ಲಿ ಹೊರಳಿಸಿ, ಸಗಣಿಯ ಜೊತೆ ಗೋಡೆಗೆ ತಟ್ಟಿಬಿಡುತ್ತಿದ್ದರು. ಹೀರೆಕಾಯಿ ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಗಲಗಲ ಎಂದಾಗ ಕೊಯ್ದು ಒಲೆಯ ಮೇಲಿನ ಅಟ್ಟಕ್ಕೆ ನೇತುಹಾಕುತ್ತಿದ್ದರು. ಅಲ್ಲಿ ಹೊಗೆಯೇ ಕಾವಲು. ನೆಂಟರ ಮನೆಗೆ ಹೋದವಳು ಹೊರಡುವ ಮುಂಚೆ ಹಿತ್ತಿಲಲ್ಲಿ ಒಂದು ಸುತ್ತು ಹಾಕದೆ ಇರುತ್ತಿರಲಿಲ್ಲ. ‘ಯಂಗೂ ನಾಲ್ಕು ಬೀಜ ಕೊಡೇ’ ಎಂದು ಕೇಳಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತುತ್ತಿದ್ದಳು.

ಗ್ಯಾಸ್ ಒಲೆ ಬಂದ ಮೇಲೆ ಹೊಗೆ ಹೋಯಿತು. ಸುಣ್ಣದ ಗೋಡೆ, ಸಿಮೆಂಟಿನ ಗೋಡೆಗಳಿಗೆ ಬೀಜ ತಟ್ಟುವವರಿಲ್ಲ. ಪೇಟೆಯಲ್ಲಿ ಬಣ್ಣದ ಪೊಟ್ಟಣಗಳಲ್ಲಿ ಹೈಬ್ರಿಡ್ ಬೀಜ ಸಿಗುತ್ತದೆ; ಆದರೆ ಅದರ ಬೆಳೆಯಿಂದ ಬೀಜ ಎತ್ತಿಟ್ಟು ಬಿತ್ತಿದರೆ ಮರುವರ್ಷ ತಾಯಿಯ ಗುಣವೇ ಬರುತ್ತದೆಂಬ ಭರವಸೆಯಿಲ್ಲ. ಹಾಗಾಗಿ ಪ್ರತಿ ಮಳೆಗಾಲಕ್ಕೂ ಅಂಗಡಿಗೇ ಹೋಗಬೇಕು. ಸೆರಗಿನ ಗಂಟು ಸಡಿಲವಾಗುತ್ತಿದ್ದ ಈ ಹೊತ್ತಿನಲ್ಲಿ, 2001ರಲ್ಲಿ, ಶಿರಸಿಯಲ್ಲಿ ಸುನೀತಾ ರಾವ್ ಅವರ ಮುಂದಾಳತ್ವದಲ್ಲಿ ಶುರುವಾದದ್ದು ‘ವನಸ್ತ್ರೀ’. ಹಿತ್ತಿಲ ಕೈತೋಟಗಳನ್ನೂ ಅವುಗಳ ಬೀಜವನ್ನೂ ಕಾಯುವ ಹೆಂಗಸರ ಕೂಟ ಅದು.

ಇಂಥದ್ದು ಶಿರಸಿಯಲ್ಲಿ ಹುಟ್ಟಿದ್ದು ಆಶ್ಚರ್ಯವಲ್ಲ. 1983ರ ಸೆಪ್ಟೆಂಬರ್ 8ರಂದು ಇದೇ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ, ಕಡಿಯಲಿದ್ದ ಮರಗಳನ್ನು ತಬ್ಬಿ ನಿಂತಿದ್ದರು. ಅದೇ ಅಪ್ಪಿಕೋ ಚಳವಳಿ. ಆ ಹೋರಾಟಕ್ಕೆ ನಾಡಿನ ಗಮನ ಸಿಕ್ಕಿತು. ಮರ ತಬ್ಬಿದ ಕೈಗಳೇ ದಿನವೂ ಮಾಡುವ ಇನ್ನೊಂದು ಕೆಲಸವಿದೆ. ಕಳೆ ಕಿತ್ತು, ಬಳ್ಳಿಗೆ ಚಪ್ಪರ ಕಟ್ಟಿ, ಮಂಗಗಳಿಂದ ಕಾಯಿ ಉಳಿಸಿಕೊಳ್ಳುವ ಆ ಕೆಲಸವನ್ನು ಯಾರೂ ಚಳವಳಿ ಎಂದು ಕರೆಯಲಿಲ್ಲ.

ವನಸ್ತ್ರೀಯ ರೀತಿ ಸರಳ. ಎಲ್ಲರೂ ಎಲ್ಲವನ್ನೂ ಬೆಳೆಯುವುದಿಲ್ಲ, ಒಬ್ಬೊಬ್ಬಳು ತನಗೆ ಒಗ್ಗಿದ ಕೆಲವು ತಳಿಗಳನ್ನು ಸಾಕುತ್ತಾಳೆ. ಇದರ ಹಿಂದೆ ಸಸ್ಯಶಾಸ್ತ್ರವಿದೆ. ಅಲಸಂದೆ ಬಹುಪಾಲು ತನ್ನ ಹೂವಿನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ, ಎರಡು ತಳಿ ಅಕ್ಕಪಕ್ಕ ಇದ್ದರೂ ಬೆರಕೆ ಕಡಿಮೆ. ಸೌತೆ, ಸಿಹಿಗುಂಬಳಗಳ ವಿಷಯ ಹಾಗಲ್ಲ. ಜೇನುನೊಣ ಒಂದು ತಳಿಯ ಪರಾಗವನ್ನು ಅದೇ ಜಾತಿಯ ಇನ್ನೊಂದು ತಳಿಗೆ ಒಯ್ದರೆ ಮರುವರ್ಷದ ಬಳ್ಳಿಯಲ್ಲಿ ಹೆಸರಿಲ್ಲದ ಕಾಯಿ ಬಿಡುತ್ತದೆ. ಒಂದೇ ಹಿತ್ತಿಲಲ್ಲಿ ಮೂರು ಬಗೆಯ ಸೌತೆ ಇಟ್ಟುಕೊಳ್ಳುವ ಬದಲು ಮೂರು ಊರಿನ ಮೂವರು ಒಂದೊಂದನ್ನು ಇಟ್ಟುಕೊಂಡರೆ ತಳಿ ಶುದ್ಧವಾಗಿ ಉಳಿಯುತ್ತದೆ. ಬಲಿತ, ರೋಗವಿಲ್ಲದ, ಚೆಂದದ ಕಾಯನ್ನೇ ಬೀಜಕ್ಕೆ ಬಿಡಬೇಕು. ಮನೆಯಲ್ಲಿ ಹುಳಿಗೆ ತರಕಾರಿ ಇಲ್ಲದ ದಿನವೂ ಅದನ್ನು ಕೊಯ್ಯಬಾರದು. ಈ ಸಂಯಮವೇ ಬೀಜ ಕಾಯುವ ವಿದ್ಯೆಯ ಮುಕ್ಕಾಲು ಪಾಲು ಎಂದು ನಾನು ನಂಬುತ್ತೇನೆ.

ಕೈತೋಟವೆಂದರೆ ತರಕಾರಿ ಮಾತ್ರ ಎಂದುಕೊಂಡರೆ ಮಲೆನಾಡಿನ ಹಿತ್ತಿಲು ಅರ್ಥವಾಗುವುದಿಲ್ಲ. ಅಲ್ಲಿ ಕಾಡಿಗೂ ಮನೆಗೂ ನಡುವೆ ಬೇಲಿಯಿದ್ದರೂ ಗಡಿಯಿಲ್ಲ. ಬಚ್ಚಲ ನೀರು ಹರಿಯುವಲ್ಲಿ ಒಂದೆಲಗ, ತಂಬುಳಿಗೆ. ಬೇಲಿಯಾಚೆ ಕೊಡಸ, ಅದರ ಹೂವನ್ನು ಒಣಗಿಸಿಟ್ಟರೆ ಮಳೆಗಾಲಕ್ಕೆ ಇನ್ನೊಂದು ತಂಬುಳಿ. ಮಳೆ ಹಿಡಿದಾಗ ಮರದ ಕವಲುಗಳಲ್ಲಿ ಮರಕೆಸು ಚಿಗುರುತ್ತದೆ, ಪತ್ರೊಡೆಗೆ ಅದರ ಎಲೆಯೇ ಆಗಬೇಕು ಎನ್ನುವವರಿದ್ದಾರೆ. ಯಾರೂ ನೆಡದ ಈ ಗಿಡ ಮರ ಹತ್ತುವುದು ಹೇಗೆ? ಅದರ ಪುಟ್ಟ ಮರಿಗೆಡ್ಡೆಗಳ ಮೈಮೇಲೆ ಕೊಕ್ಕೆಗಳಿವೆ. ಹಕ್ಕಿಯ ಪುಕ್ಕಕ್ಕೋ ಪ್ರಾಣಿಯ ತುಪ್ಪಳಕ್ಕೋ ಸಿಕ್ಕಿಕೊಂಡು ಅವು ಮರದಿಂದ ಮರಕ್ಕೆ ಹೋಗುತ್ತವೆ.

ಆಚೆ ಬೆಟ್ಟದಲ್ಲಿ ಮುರುಗಲು (ಕೋಕಂ), ಉಪ್ಪಾಗೆ, ಹೊಳೆದಂಡೆಯಲ್ಲಿ ಅಪ್ಪೆ ಮಾವು. ಅಘನಾಶಿನಿ, ಶರಾವತಿಗಳ ದಡದ ಅಪ್ಪೆಮಿಡಿಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಒಂದು ಮರದ ಮಿಡಿಗೆ ಜೀರಿಗೆಯ ಪರಿಮಳ, ಇನ್ನೊಂದರದ್ದಕ್ಕೆ ಕರ್ಪೂರದ್ದು. ಬೇಡಿಕೆ ಏರಿದಂತೆ ಕಾಡಿನ ಮರಗಳಿಗೆ ಕಷ್ಟವೂ ಏರಿತು. ಮಿಡಿಗಾಗಿ ಕೊಂಬೆಯನ್ನೇ ಕಡಿಯುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಉಪ್ಪಾಗೆಯ ಸಿಪ್ಪೆ ಒಣಗಿಸಲು ಸುಡುವ ಕಟ್ಟಿಗೆಯ ಲೆಕ್ಕವೂ ಕಾಡಿನ ಮೇಲೇ ಬೀಳುತ್ತದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಹಿತ್ತಿಲಲ್ಲಿ ಬೆಳೆಯುವುದೆಲ್ಲ ಈ ನೆಲದ್ದೇ? ಸೂಜಿಮೆಣಸು ನಮ್ಮದೇ? ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದದ್ದು, ಗೆಣಸೂ ಅಲ್ಲಿಯದೇ. ಮಲೆನಾಡಿನ ಹೆಂಗಸರು ಜೀವದಂತೆ ಕಾಪಾಡುವ, ವನಸ್ತ್ರೀಯವರೂ ಪ್ರೀತಿಯಿಂದ ಹಂಚಿಕೊಳ್ಳುವ ಡೇರೆ ಹೂವಿನ ತವರು ಮೆಕ್ಸಿಕೊ. ಮುರುಗಲೂ ಮರಕೆಸೂ ಈ ನೆಲದಲ್ಲೇ ಹುಟ್ಟಿದವು, ಮೆಣಸು, ಗೆಣಸು, ಡೇರೆಗಳು ಹೊರಗಿನಿಂದ ಬಂದು ಇಲ್ಲಿಯ ಮಳೆಗೆ, ಮಣ್ಣಿಗೆ, ನಾಲಿಗೆಗೆ ಹೊಂದಿಕೊಂಡವು. ಎರಡನ್ನೂ ಬೆರೆಸಬಾರದು ನಿಜ. ಒಂದನ್ನು ಉಳಿಸಲು ಇನ್ನೊಂದನ್ನು ಹಿತ್ತಿಲಿನಿಂದ ಓಡಿಸಬೇಕಾಗಿಯೂ ಇಲ್ಲ. ಸೊಸೆಯಾಗಿ ಬಂದವಳೂ ಮನೆಯವಳೇ.

ಬೀಜ ಕಾಯಲು ದೇಶದಲ್ಲಿ ದೊಡ್ಡ ವ್ಯವಸ್ಥೆಯೇ ಇದೆ. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ಬೀಜಗಳನ್ನು ಒಣಗಿಸಿ, ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಇಡುತ್ತಾರೆ. ಅದು ಬೇಕೇ ಬೇಕು. ಆದರೆ ಮಲೆನಾಡಿನ ಅನೇಕ ಮರಗಳ ಬೀಜ ಆ ಚಳಿಗೆ ಒಗ್ಗುವುದಿಲ್ಲ. ಮಾವು, ಹಲಸು, ಮುರುಗಲು, ರಾಂಪತ್ರೆ: ಇವುಗಳ ಬೀಜ ಒಣಗಿದರೆ ಸತ್ತಿತು. ಹಣ್ಣಿನಿಂದ ಬಿಡಿಸಿದ ಸ್ವಲ್ಪ ದಿನಗಳಲ್ಲೇ ಅದಕ್ಕೆ ತೇವದ ಮಣ್ಣು ಬೇಕು. ಡಬ್ಬಿಯಲ್ಲಿಟ್ಟು ಮರೆಯುವಂತಿಲ್ಲ, ಮರವಾಗಿಯೇ ಉಳಿಸಬೇಕು. ಅದರಲ್ಲೂ ಮುರುಗಲಿನದು ಪರೀಕ್ಷೆ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎದ್ದ ಸಸಿ ಯಾವುದೆಂದು ತಿಳಿಯಲು ಅದು ಹೂ ಬಿಡುವವರೆಗೆ ವರ್ಷಗಟ್ಟಲೆ ಕಾಯಬೇಕು. ಗೊತ್ತಿರುವ ಹೆಣ್ಣು ಮರದ ಕುಡಿಯನ್ನು ಕಸಿ ಕಟ್ಟುವುದು ಇನ್ನೊಂದು ದಾರಿ. ಆ ಮರ ಯಾರ ಬೆಟ್ಟದಲ್ಲಿದೆ, ಯಾವುದರ ಹಣ್ಣು ಹೆಚ್ಚು ಕೆಂಪು, ಬಿಳಿ ಮುರುಗಲು ಯಾರ ಮನೆ ಹಿಂದೆ ಉಳಿದಿದೆ ಎಂಬುದು ಮಾತ್ರ ಯಾವ ಬ್ಯಾಂಕಿನಲ್ಲೂ ಇಲ್ಲ. ಅದಿರುವುದು ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಲು ವರ್ಷವೂ ಬೆಟ್ಟ ಹತ್ತುವವರ ನೆನಪಿನಲ್ಲಿ.

ಕೂಟ ಬೇಕಾಗುವುದು ಇದಕ್ಕೇ. ಒಬ್ಬಳ ಹಿತ್ತಿಲಲ್ಲಿ ಬಳ್ಳಿ ಕೊಳೆತು ತಳಿ ತಪ್ಪಿದರೆ ಇನ್ನೊಬ್ಬಳ ಹತ್ತಿರ ಇರುತ್ತದೆ. ಇದೇ ಜಿಲ್ಲೆಯ ಜೋಯಿಡಾದಲ್ಲಿ ಕುಣಬಿ ಸಮುದಾಯದವರು ತಮ್ಮ ಗೆಡ್ಡೆ ಗೆಣಸುಗಳನ್ನೆಲ್ಲ ಒಂದೆಡೆ ರಾಶಿ ಹಾಕಿ ಮೇಳ ನಡೆಸುವುದರ ಹಿಂದೆಯೂ ಇದೇ ಲೆಕ್ಕವಿದೆ.

ವನಸ್ತ್ರೀಯವರ ‘ಮಲೆನಾಡ ಮೇಳ’ ನಡೆಯುವುದು ಮಳೆಗಾಲದ ಹೊಸ್ತಿಲಲ್ಲಿ. ತರಕಾರಿ ಬೀಜ ಬಿತ್ತುವ ಹೊತ್ತು ಅದು. ಬೆಟ್ಟದಲ್ಲಿ ಮುರುಗಲ ಹಣ್ಣು ಉದುರುವ ಹೊತ್ತೂ ಹೌದು. ಹೀರೆ, ಅಲಸಂದೆಗಳಾದರೆ ಕಾಗದದ ಪೊಟ್ಟಣದಲ್ಲಿ ಬರುತ್ತವೆ. ಮುರುಗಲ ಬೀಜ ಒಯ್ಯುವವರು ಮಾತ್ರ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ದಾರಿಯಲ್ಲಿ ಎಲ್ಲೂ ತಂಗದೆ, ಬೇಗ ಮನೆ ಸೇರಬೇಕು.